ಎತ್ತಿದ ಎಡಗೈ

ನಮ್ಮ ಓಣಿಯ ಹುಡುಗಿಯೊಬ್ಬಳು ಪಿಯುಸಿ ಪಾಸಾದ ಖುಷಿಯಲ್ಲಿ ಪೇಡೆಯ ಪೊಟ್ಟಣ ಹಿಡಿದುಕೊಂಡು ಮನೆಗೆ ಬಂದಳು. ನಾನು ಬೇಸಿಗೆ ರಜೆಗೆಂದು ಆಳಂದದಲ್ಲಿದ್ದೆ. ಒಂದು ಪೇಡೆ ನನ್ನ ಕೈಗಿಟ್ಟು, ಹೊಸ್ತಿಲ ಬಳಿ ನಿಂತೇ ಕೇಳಿದಳು.

"ಅಕ್ಕಾ, ಸಣ್ಣ ಸಾಲಿ ಟೀಚರ್ ಆಗಬೇಕಂದ್ರ ಏನೇನ್ ಬೇಕಾಗ್ತದ್ರಿ?"

ಈ ಪ್ರಶ್ನೆಗೆ ನನ್ನನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಉತ್ತರ ಹೇಳಬಲ್ಲೆ. ಪಿಯುಸಿಯಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದ ಅಂಕ, ನಮ್ಮಂಥವರಿಗೆ ಅದರಲ್ಲಿ ಒಂದಿಷ್ಟು ರಿಯಾಯಿತಿ. ಎರಡು ವರ್ಷದ ಡಿ.ಎಲ್.ಇಡಿ., ಮಂದಿಯ ಬಾಯಲ್ಲಿ ಇನ್ನೂ ಹಳೆಯ ಡಿ.ಇಡಿ. ಅದರೊಳಗೆ ಬೋಧನಾಭ್ಯಾಸ, ಪಾಠಯೋಜನೆಯ ದಪ್ಪ ಪುಸ್ತಕಗಳು, ಕೊನೆಗೆ ಹೊರಗಿನಿಂದ ಬಂದ ಪರೀಕ್ಷಕರ ಮುಂದೆ ಒಂದು ಪಾಠ. ಆಮೇಲೆ ಟಿಇಟಿ, ಅಂದರೆ ನೀನು ಟೀಚರ್ ಆಗಲು ಅರ್ಹಳು ಎಂದು ಸರ್ಕಾರ ಒಪ್ಪಿಕೊಳ್ಳುವ ಪರೀಕ್ಷೆ. ಅರ್ಹಳಾದೆ ಎಂದರೆ ಕೆಲಸ ಸಿಕ್ಕಿತು ಎಂದಲ್ಲ. ನೇಮಕಾತಿಗೆ ಅರ್ಜಿ ಕರೆಯುವ ತನಕ ಕಾಯಬೇಕು, ಕರೆದಾಗ ಇನ್ನೊಂದು ಪರೀಕ್ಷೆ ಬರೆಯಬೇಕು. ನಡುವೆ ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ನಾವು ಕಲ್ಯಾಣ ಕರ್ನಾಟಕದವರೇ ಹೌದು ಎಂಬುದಕ್ಕೆ ಮುನ್ನೂರಾ ಎಪ್ಪತ್ತೊಂದು ಜೆ ಪ್ರಮಾಣಪತ್ರ. ಹುಟ್ಟಿದ್ದು ಇಲ್ಲಿ, ಬೆಳೆದದ್ದು ಇಲ್ಲಿ, ನಾನು ಬಾಯಿ ತೆರೆದರೆ ಯಾವ ಸೀಮೆಯವಳು ಎಂದು ಬಸ್ಸಿನ ಕಂಡಕ್ಟರ್ ಕೂಡ ಹೇಳುತ್ತಾನೆ. ಆದರೂ ಕಾಗದ ಬೇಕು. ಕಚೇರಿಯಲ್ಲಿ ಸರ್ವರ್ ಡೌನ್ ಇದ್ದರೆ ಆ ದಿನ ನಾವು ಯಾವ ಸೀಮೆಯವರೂ ಅಲ್ಲ.

ಇಷ್ಟನ್ನೂ ಹೇಳಿದೆ. ಆಕೆ ಎಲ್ಲವನ್ನೂ ಮೊಬೈಲಿನಲ್ಲಿ ಬರೆದುಕೊಂಡಳು.

"ಮತ್ತೇನರ ಅದ ಏನ್ರಿ ಅಕ್ಕಾ?"

ಇತ್ತು. ಹೇಳಲಿಲ್ಲ. "ಇಷ್ಟೇ ನೋಡವ್ವ" ಎಂದು ಕಳಿಸಿಬಿಟ್ಟೆ. ಆಕೆ ಹೋದ ಮೇಲೆ ಪೇಡೆ ಬಾಯಿಗೆ ಹಾಕಿಕೊಳ್ಳಲು ಮನಸ್ಸಾಗಲಿಲ್ಲ. ಅವತ್ತು ನುಂಗಿಕೊಂಡ ಮಾತನ್ನು ಈಗ ಬರೆಯುತ್ತಿದ್ದೇನೆ.

ನನ್ನ ಅಪ್ಪ ಆಳಂದದ ಬಜಾರಿನಲ್ಲಿ ತೊಗರಿ ಚೀಲ ಹೊರುವ ಹಮಾಲ. ನಮ್ಮ ಓಣಿಯಲ್ಲಿ ಪೊಲೀಸ್ ಆದವರಿದ್ದರು, ನರ್ಸ್ ಆದವರಿದ್ದರು, ಒಬ್ಬರು ಬ್ಯಾಂಕಿನಲ್ಲೂ ಇದ್ದರು. ಟೀಚರ್ ಮಾತ್ರ ಯಾರೂ ಇರಲಿಲ್ಲ. ಅಪ್ಪನಿಗೆ ಅದೊಂದು ಕೊರಗು. ಕೌನ್ಸೆಲಿಂಗಿನಲ್ಲಿ ನನಗೆ ಅಫಜಲಪುರದ ಒಂದು ಕಾಲೇಜಿನಲ್ಲಿ ಸೀಟು ಸಿಕ್ಕ ದಿನ ಆತ ಬಜಾರಿನ ತುಂಬ ಹೇಳಿಕೊಂಡು ಬಂದಿದ್ದ. ನಾನಿನ್ನೂ ಒಂದು ತರಗತಿಯಲ್ಲೂ ಕೂತಿರಲಿಲ್ಲ, ಆಗಲೇ ತೊಗರಿ ವ್ಯಾಪಾರದ ಅಡತಿ ಅಂಗಡಿಯವರು ಆತನನ್ನು "ಟೀಚರ್ ಅಪ್ಪಾ" ಎಂದು ಕರೆಯತೊಡಗಿದ್ದರು.

ಕಾಲೇಜಿನಲ್ಲಿ ನಾವಿದ್ದದ್ದೇ ಬೆರಳೆಣಿಕೆಯಷ್ಟು ಮಂದಿ. ಡಿ.ಇಡಿ. ಮಾಡಿ ಮನೆಯಲ್ಲಿ ಕೂತವರನ್ನು ನೋಡಿ ನೋಡಿ ಹುಡುಗರು ಈ ಕಡೆ ತಲೆ ಹಾಕುವುದನ್ನೇ ಬಿಟ್ಟಿದ್ದರು. ಬೆಂಚುಗಳು ಖಾಲಿ, ಆದರೆ ಬರೆಯುವ ಕೆಲಸಕ್ಕೆ ಮಾತ್ರ ಬರವಿಲ್ಲ. ಮಗುವಿನ ಮನಸ್ಸಿನ ಬಗ್ಗೆ ನಾನು ಎಷ್ಟು ಪುಟ ಬರೆದಿದ್ದೇನೋ ದೇವರಿಗೇ ಗೊತ್ತು. ಎರಡನೇ ವರ್ಷ ಬೋಧನಾಭ್ಯಾಸಕ್ಕೆಂದು ಭೀಮಾ ನದಿಯ ಕಡೆಯ ಒಂದು ಹಳ್ಳಿ ಶಾಲೆಗೆ ಹಾಕಿದರು. ದಿನಾ ಹಾಸ್ಟೆಲಿನಿಂದ ಬೆಳಗಿನ ಬಸ್ಸಿಗೆ ಹೋಗುವುದು, ಸಂಜೆಯ ಬಸ್ಸಿಗೆ ಬರುವುದು. ಸುತ್ತ ಕಬ್ಬಿನ ಹೊಲ, ನಡುವೆ ನಾಲ್ಕು ಕೋಣೆಯ ಶಾಲೆ. ನನಗೆ ಸಿಕ್ಕಿದ್ದು ನಾಲ್ಕನೇ ತರಗತಿ.

ಅಂತಿಮ ಪಾಠದ ಅಂಕಗಳ ಮೇಲೆ ನನ್ನ ಜೀವ ನಿಂತಿತ್ತು ಎಂದರೆ ಹೆಚ್ಚು ಹೇಳಿದಂತಲ್ಲ. ಮೊದಲ ವರ್ಷ ಜ್ವರ ಬಂದು ಎರಡು ವಿಷಯದಲ್ಲಿ ಅಂಕ ಇಳಿದಿದ್ದವು. ಮುಂದೆ ನೇಮಕಾತಿಯಲ್ಲಿ ಈ ಅಂಕಗಳನ್ನೂ ಹಿಡಿಯುತ್ತಾರೆ ಎಂದು ಉಪನ್ಯಾಸಕರು ದಿನಾ ಹೆದರಿಸುತ್ತಿದ್ದರು. ಅಪ್ಪ ಫೋನಿನಲ್ಲಿ ಒಂದೇ ಮಾತು: "ಹ್ಯಾಂಗರ ಮಾಡಿ ಫಸ್ಟ್ ಕ್ಲಾಸ್ ಬಾ ಮಗಳ. ನಾ ಎಲ್ಲಾರಿಗಿ ಹೇಳಿಬಿಟ್ಟೇನಿ." ಹೇಳು ಅಂತ ಯಾರು ಹೇಳಿದ್ದರು? ಹಾಗೆ ಕೇಳಬೇಕೆಂದು ನಾಲಿಗೆಯ ತುದಿಗೆ ಬರುತ್ತಿತ್ತು.

ಆ ತರಗತಿಯ ಶಿಕ್ಷಕಿ ಐವತ್ತು ದಾಟಿದವರು. ನಾಲ್ಕು, ಐದು ಎರಡೂ ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು ಸಂಭಾಳಿಸುತ್ತಿದ್ದರು. ನನ್ನ ಮೇಲೆ ಅವರಿಗೆ ನಿಜವಾದ ಅಕ್ಕರೆ. ಮನೆಯಿಂದ ಶೇಂಗಾ ಹಿಂಡಿ ಎನ್ನುವ ಚಟ್ನಿಪುಡಿ ಹಚ್ಚಿದ ರೊಟ್ಟಿ ತಂದು ನನಗೊಂದು ಕೊಡದೆ ತಾವು ಉಣ್ಣುತ್ತಿರಲಿಲ್ಲ. ಅಂತಿಮ ಪಾಠಕ್ಕೆ ಇನ್ನು ಮೂರು ವಾರ ಇರುವಾಗ ಒಂದು ಮಧ್ಯಾಹ್ನ ನನ್ನನ್ನು ಹತ್ತಿರ ಕೂರಿಸಿಕೊಂಡರು.

"ನೋಡವ್ವ, ಬಂದವರು ನಿನ್ನ ನೋಡಂಗಿಲ್ಲ, ಹುಡುಗರ ಕೈ ನೋಡ್ತಾರ. ಕೇಳಿದ ಕೂಡ್ಲೆ ಕ್ಲಾಸ್ ತುಂಬ ಕೈ ಏಳಬೇಕು."

"ಎಲ್ಲಾರಿಗೂ ಎಲ್ಲಿ ಬರ್ತದ್ರಿ ಟೀಚರ್?"

"ಬರ್ಲಿ ಬರ್ದಿರ್ಲಿ, ಎಲ್ಲಾರೂ ಎತ್ತಬೇಕು. ಬರ್ತಿತ್ತಂದ್ರ ಬಲಗೈ, ಬರ್ಲಿಲ್ಲಂದ್ರ ಎಡಗೈ. ನೀ ಬಲಗೈ ನೋಡಿ ಎಬ್ಬಿಸು. ನೋಡವ್ರಿಗಿ ಎಲ್ಲಾ ಕೈನೂ ಒಂದೇ."

ನನಗೆ ನಗು ಬಂತು. ಆಮೇಲೆ ಗೊತ್ತಾಯಿತು, ಇದು ಅವರೊಬ್ಬರ ಉಪಾಯವಲ್ಲ. ಯಾರಾದರೂ ನೋಡಲು ಬರುತ್ತಾರೆ ಎಂದಾಗ ಎಷ್ಟೋ ಮಂದಿ ಮಾಡುವುದೇ ಹೀಗೆ. ಮರುದಿನವೇ ಮಕ್ಕಳಿಗೆ ಕಲಿಸಿದೆ. ಅವರಿಗಂತೂ ಅದೊಂದು ಆಟ. "ನೀವು ಛಂದ ಮಾಡಿದ್ರ ಟೀಚರ್ ಪಾಸಾಗ್ತಾಳ. ಮಾಡ್ತೀರಿಲ್ಲ?" ಎಂದು ನಾನು ಕೇಳುವುದು, "ಮಾಡ್ತೇವ್ರೀ!" ಎಂದು ಕೋಣೆ ಹಾರಿಹೋಗುವಂತೆ ಅವರು ಕೂಗುವುದು. ದಿನಾ ಪಾಠ ಶುರುವಾಗುತ್ತಿದ್ದದ್ದೇ ಹೀಗೆ.

ಪಾಠ ಭಿನ್ನರಾಶಿ. ಬಿಳಿ ರಟ್ಟಿನಲ್ಲಿ ರೊಟ್ಟಿಗಳನ್ನು ಕತ್ತರಿಸಿ, ನಡುವೆ ಕಂದು ಬಣ್ಣದಿಂದ ಸುಟ್ಟ ಕಲೆಗಳನ್ನೂ ಬರೆದಿದ್ದೆ. ಒಂದನ್ನು ಎರಡು ಮಾಡಿದರೆ ಅರ್ಧ, ನಾಲ್ಕು ಮಾಡಿದರೆ ಕಾಲು. ಅದೇ ಪಾಠ, ಅದೇ ಪ್ರಶ್ನೆ, ಅದೇ ಉತ್ತರ, ದಿನಾ. ಆ ದಿನಗಳಲ್ಲಿ ಗಣಿತದ ನೋಟುಬುಕ್ಕು ತೆಗೆಸಲೇ ಇಲ್ಲ. ಬರೆಸುತ್ತ ಕೂತರೆ ಬಾಯಿಪಾಠಕ್ಕೆ ಹೊತ್ತು ಎಲ್ಲಿ?

ಆಟ ಶುರುವಾಗಿ ಒಂದು ವಾರದ ಮೇಲೆ ಆ ಹುಡುಗಿ ಬಂದಳು. ತಂದೆತಾಯಿ ಪುಣೆಯಲ್ಲಿ ಕಟ್ಟಡದ ಕೆಲಸಕ್ಕೆ ಗುಳೆ ಹೋಗಿದ್ದರು, ಈಗ ತಿರುಗಿ ಬಂದಿದ್ದರು. ಹಾಜರಿ ಪುಸ್ತಕದಲ್ಲಿ ಹೆಸರು ಮೊದಲೇ ಇತ್ತು. ಹೆಸರಿನ ಮುಂದೆ ತಿಂಗಳುಗಟ್ಟಲೆ ಗೈರು. ತೆಳ್ಳಗಿನ ಹುಡುಗಿ, ಮೈಗಿಂತ ದೊಡ್ಡ ಯೂನಿಫಾರ್ಮು. ಬಾಗಿಲ ಪಕ್ಕದ ಕೊನೆಯ ಸಾಲಿನಲ್ಲಿ ಕೂತಳು. ಮಾತು ಕಡಿಮೆ, ಆದರೆ ನಾನು ಪ್ರಶ್ನೆ ಕೇಳಿದಾಗೆಲ್ಲ ಕೈ ಎತ್ತುತ್ತಿದ್ದಳು. ಪ್ರತಿ ಸಲವೂ ಎಡಗೈ.

ನಾನು ಏನೆಂದುಕೊಂಡೆ ಗೊತ್ತೇ? ಪರವಾಗಿಲ್ಲ, ಬಂದ ಎರಡು ದಿನದಲ್ಲಿ ನಮ್ಮ ಆಟ ಕಲಿತುಬಿಟ್ಟಿದ್ದಾಳೆ, ಪಾಪ ಏನೂ ಬರುವುದಿಲ್ಲವಾದರೂ ಪ್ರಾಮಾಣಿಕವಾಗಿ ಎಡಗೈ ಎತ್ತುತ್ತಿದ್ದಾಳೆ, ಎಂದುಕೊಂಡೆ. ಒಳಗೊಳಗೆ ಮೆಚ್ಚಿಕೊಂಡೆ ಕೂಡ. ಒಂದು ಸಲವೂ ಆಕೆಯನ್ನು ಎಬ್ಬಿಸಲಿಲ್ಲ. ಆ ದಿನಗಳ ನನ್ನ ಪಾಠಯೋಜನೆಯ ಪುಸ್ತಕ ಈಗಲೂ ಇದೆ. 'ಹಿಂದುಳಿದ ಮಕ್ಕಳಿಗೆ ವೈಯಕ್ತಿಕ ಗಮನ' ಎಂಬಲ್ಲಿ ದಿನಾ ತಪ್ಪದೆ 'ನೀಡಲಾಯಿತು' ಎಂದು ದುಂಡು ಅಕ್ಷರದಲ್ಲಿ ಬರೆದಿದ್ದೇನೆ. ಈಗ ಅದನ್ನು ಓದಿದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಪರೀಕ್ಷಕರು ಬಂದ ದಿನ ನಾನು ತಿಳಿನೀಲಿ ಸೀರೆ ಉಟ್ಟಿದ್ದೆ. ಅವರು ಬೇರೆ ತಾಲೂಕಿನವರು, ನಿವೃತ್ತಿಗೆ ಹತ್ತಿರವಾದ ಮೃದು ಮಾತಿನ ಮನುಷ್ಯ. ಬೆಳಗಿನಿಂದ ಪಾಠ ನೋಡಿ ನೋಡಿ ದಣಿದಿದ್ದರು. ಕುರ್ಚಿಯನ್ನು ಕೋಣೆಯ ಹಿಂದಕ್ಕೆ ಹಾಕಿಸಿಕೊಂಡು ಚಹಾ ಕುಡಿಯುತ್ತ ಕೂತರು.

ಪಾಠ ನೀರು ಹರಿದಂತೆ ಸಾಗಿತು. ನಾನು ಕೇಳುವುದೇ ತಡ, ಕೋಣೆ ತುಂಬ ಕೈ. ಬಲಗೈ ನೋಡಿ ಎಬ್ಬಿಸಿದೆ, ಉತ್ತರ ಬಂತು. ಪರೀಕ್ಷಕರ ಮುಖ ಅರಳುತ್ತಿದ್ದದ್ದು ನನಗೆ ಕಾಣುತ್ತಿತ್ತು. ಬಾಗಿಲ ಬಳಿ ನಿಂತಿದ್ದ ತರಗತಿಯ ಶಿಕ್ಷಕಿ ಕಣ್ಣಿನಲ್ಲೇ "ಭೇಷ್" ಎಂದರು. ಇನ್ನೇನು ಮುಗಿಯಿತು ಎನ್ನುವಾಗ ಪರೀಕ್ಷಕರು ಲೋಟ ಕೆಳಗಿಟ್ಟರು.

"ಛಂದ ಕಲಿಸೀರಿ. ನಾನೂ ಒಂದು ಕೇಳ್ಲೇನ್ರಿ ಹುಡುಗರಿಗಿ?"

"ಕೇಳ್ರಿ ಸರ್" ಎಂದೆ. ಬೇಡ ಅನ್ನಲಾಗುತ್ತದೆಯೇ?

"ಒಂದು ರೊಟ್ಟಿ ಮೂರು ಪಾಲು ಮಾಡಿ ಒಂದು ಪಾಲು ತಗೊಂಡ್ರ ಹೆಚ್ಚು ಬರ್ತದೋ, ನಾಲ್ಕು ಪಾಲು ಮಾಡಿ ಒಂದು ಪಾಲು ತಗೊಂಡ್ರ ಹೆಚ್ಚು ಬರ್ತದೋ?"

ಮೂರು ಪಾಲಿನ ರೊಟ್ಟಿಯನ್ನು ನಾನು ಮಾಡಿರಲೇ ಇಲ್ಲ. ಆದರೂ ಮಕ್ಕಳು ಕಲಿಸಿದ ಆಟ ಮರೆಯಲಿಲ್ಲ. ಎಲ್ಲ ಕೈಗಳೂ ಮೇಲೆದ್ದವು. ಎಲ್ಲವೂ ಎಡಗೈ.

ಪರೀಕ್ಷಕರು ಅಷ್ಟು ಕೈಗಳನ್ನು ನೋಡಿ ಖುಷಿಯಾಗಿ, ಬಾಗಿಲ ಕಡೆ ಬೆರಳು ತೋರಿಸಿದರು. "ಅಗಾ, ಆ ಮೂಲ್ಯಾಗ ಕುಂತಾಳಲ್ಲ, ಆಕಿಗಿ ಕೇಳ್ರಿ. ಭಾಳ ಹೊತ್ತಿನಿಂದ ಕೈ ಎತ್ತಾಕತ್ಯಾಳ."

ಪುಣೆಯಿಂದ ಬಂದ ಹುಡುಗಿ ಆಗಲೇ ಅರ್ಧ ಎದ್ದಿದ್ದಳು. ಎಡಗೈ ಇನ್ನೂ ಮೇಲೇ ಇತ್ತು, ತುದಿಗಾಲಲ್ಲಿ ನಿಂತವರಂತೆ ಬೆರಳುಗಳು ಇನ್ನಷ್ಟು ಮೇಲಕ್ಕೆ ಚಾಚಿದ್ದವು. ನಾನು ಮುಖ ನೋಡಲಿಲ್ಲ, ಕೈ ಮಾತ್ರ ನೋಡಿದೆ.

"ಆಕಿ ಬ್ಯಾಡ್ರಿ ಸರ್" ಎಂದುಬಿಟ್ಟೆ. "ಆಕಿಗಿ ಬರಂಗಿಲ್ಲ. ಗುಳೆ ಹೋಗಿ ಮೊನ್ನೆ ಬಂದಾಳ. ಎಲ್ಲಾರೂ ಎತ್ಯಾರಂತ ತಾನೂ ಎತ್ಯಾಳ್ರಿ."

ಎಲ್ಲರ ಮುಂದೆ, ಗಟ್ಟಿ ದನಿಯಲ್ಲಿ ಹೇಳಿದೆ. ಮಕ್ಕಳು ಕಿಸಕ್ಕನೆ ನಕ್ಕರು. ಆಕೆಯ ಕೈ ಕೆಳಗಿಳಿಯಿತು, ಆಕೆ ಕೂತಳು. ನಾನು ದಿನಾ ಬಲಗೈಯನ್ನೇ ಎತ್ತುವ ತರಗತಿಯ ಶಾಣ್ಯಾ ಹುಡುಗನ ಕಡೆ ನೋಡಿದೆ. ಆತ ನನ್ನ ಕಣ್ಣು ನೋಡಿ ತಟ್ಟನೆ ಎಡಗೈ ಇಳಿಸಿ ಬಲಗೈ ಎತ್ತಿದ. ಎಬ್ಬಿಸಿದೆ. "ನಾಲ್ಕು ಪಾಲು ಮಾಡಿದ್ದು ಹೆಚ್ಚು ಬರ್ತದ್ರಿ, ಯಾಕಂದ್ರ ನಾಲ್ಕು ದೊಡ್ಡದು" ಎಂದ. ತಪ್ಪು. ಆದರೆ ಆ ಹೊತ್ತಿಗೆ ನನಗೆ ಧೈರ್ಯ ಬಂದಿತ್ತು. ಒಂದು ರಟ್ಟಿನ ರೊಟ್ಟಿ ಮೂರು ಮಾಡಿದೆ, ಇನ್ನೊಂದು ನಾಲ್ಕು ಮಾಡಿದೆ, ಒಂದರ ಮೇಲೊಂದು ಇಟ್ಟು ತೋರಿಸಿದೆ. ಮಗುವಿನ ತಪ್ಪನ್ನು ಎಷ್ಟು ಛಂದ ತಿದ್ದಿದಿರಿ ಎಂದು ಪರೀಕ್ಷಕರು ತಲೆದೂಗಿದರು.

ಗಂಟೆ ಹೊಡೆಯಿತು. ಮಕ್ಕಳು ತಾಟು ಹಿಡಿದು ವರಾಂಡದಲ್ಲಿ ಸಾಲಾಗಿ ಕೂತರು. ಪರೀಕ್ಷಕರು ಹೆಡ್ ಮಾಸ್ತರರ ಕೋಣೆಗೆ ಊಟಕ್ಕೆ ಹೋದರು. ಊಟ ಮುಗಿಸಿ ಅಂಕಗಳ ಹಾಳೆ ತುಂಬುತ್ತೇನೆ, ಆಮೇಲೆ ಬಂದು ಸಹಿ ಮಾಡಿ ಎಂದು ನನಗೆ ಹೇಳಿದರು. ನಾನು ವರಾಂಡದ ಕಂಬಕ್ಕೆ ಒರಗಿ ನಿಂತಿದ್ದೆ. ಮೂರು ವಾರದ ಭಾರ ಇಳಿದು ಕಾಲು ಹಗುರಾಗಿದ್ದವು.

ಆಗ ಬಿಸಿಯೂಟದ ಅಡುಗೆಯ ಅವ್ವ ಸಾರಿನ ಬಕೆಟ್ ಹಿಡಿದುಕೊಂಡು ಬೈಯುವುದು ಕೇಳಿಸಿತು. "ಎಡಗೈಲೆ ಉಣಬ್ಯಾಡಂತ ನಿನಗ ಎಷ್ಟ ಸಲ ಹೇಳಬೇಕ ಬೇ? ದಿನಾ ಇದೇ ಆತಲ್ಲ ನಿಂದು!"

ತಿರುಗಿ ನೋಡಿದೆ. ಸಾಲಿನ ಕೊನೆಯಲ್ಲಿ ಆ ಹುಡುಗಿ ಎಡಗೈ ಬೆರಳಿನ ಅನ್ನವನ್ನು ತಾಟಿನ ಅಂಚಿಗೆ ಒರೆಸಿ, ಬಲಗೈ ಹಾಕುತ್ತಿದ್ದಳು. ಬಲಗೈಗೆ ಅನ್ನ ನಿಲ್ಲುತ್ತಿರಲಿಲ್ಲ.

ನನಗೆ ಕೂಡಲೇ ಅರ್ಥವಾಯಿತು. ಅರ್ಥವಾಗಬಾರದಿತ್ತು ಎಂದು ಅನಿಸುವಷ್ಟು ಸ್ಪಷ್ಟವಾಗಿ ಅರ್ಥವಾಯಿತು. ಆಟದ ನಿಯಮ ಹೇಳಿಕೊಟ್ಟ ದಿನ ಈಕೆ ಪುಣೆಯಲ್ಲಿದ್ದಳು. ನಾನು ಮತ್ತೆ ಹೇಳಿರಲಿಲ್ಲ, ಬೇರೆ ಮಕ್ಕಳೂ ಹೇಳಿರಲಿಕ್ಕಿಲ್ಲ. ಈಕೆ ಎತ್ತುತ್ತಿದ್ದದ್ದು ತನ್ನ ಕೈ, ಅಷ್ಟೇ.

ಹತ್ತಿರ ಹೋಗಿ ಕುಕ್ಕರುಗಾಲಿನಲ್ಲಿ ಕೂತೆ. "ಸರ್ ಕೇಳಿದ್ರಲ್ಲ, ಮೂರು ಪಾಲಿಂದು, ನಾಲ್ಕು ಪಾಲಿಂದು. ಯಾವ್ದು ಹೆಚ್ಚು ಬರ್ತದ?"

ಆಕೆ ತಾಟಿನಿಂದ ತಲೆ ಎತ್ತಲಿಲ್ಲ. "ಮೂರು ಪಾಲಿಂದ್ರಿ."

"ಯಾಕ?"

"ನಮ್ಮನ್ಯಾಗ ನಾಲ್ಕು ಮಂದಿ ಇದೇವ್ರಿ. ಅಪ್ಪ ಇಲ್ದ ದಿನ ಮೂರು ಮಂದಿ ಉಣ್ತೇವ್ರಿ. ಅವತ್ತು ರೊಟ್ಟಿ ಹೆಚ್ಚು ಬರ್ತದ."

ಇಷ್ಟು ಹೇಳಿ ಆಕೆ ಹೆಡ್ ಮಾಸ್ತರರ ಕೋಣೆಯ ಕಡೆ ಒಮ್ಮೆ ನೋಡಿ, ಆಮೇಲೆ ನನ್ನ ಮುಖ ನೋಡಿದಳು. ಕೋಣೆ ಹತ್ತು ಹೆಜ್ಜೆ ದೂರ. ಅಂಕಗಳ ಹಾಳೆ ಇನ್ನೂ ಮೇಜಿನ ಮೇಲಿತ್ತು. ಸರ್, ಆ ಹುಡುಗಿಗೆ ಬರುತ್ತದೆ, ನಾನೇ ತಪ್ಪು ತಿಳಿದೆ, ಒಮ್ಮೆ ಆಕೆಯನ್ನು ಕೇಳಿ ಎಂದು ಹೇಳಿದ್ದರೆ ಆಗುತ್ತಿತ್ತು. ಆದರೆ ಯಾಕೆ ತಪ್ಪು ತಿಳಿದಿರಿ ಎಂದು ಅವರು ಕೇಳುತ್ತಾರೆ. ಬಲಗೈ ಎಡಗೈಯ ಕಥೆ ಹೇಳಬೇಕಾಗುತ್ತದೆ. ನನ್ನ ಪಾಠದ ಬಣ್ಣ ಬಯಲಾಗುತ್ತದೆ, ರೊಟ್ಟಿ ಕೊಟ್ಟು ಸಾಕಿದ ಶಿಕ್ಷಕಿಯ ಮಾನವೂ ಹೋಗುತ್ತದೆ. ಬಜಾರಿನಲ್ಲಿ ಚೀಲ ಹೊತ್ತ ಅಪ್ಪನ ಮುಖ ಕಣ್ಣ ಮುಂದೆ ಬಂತು.

"ಶಾಣ್ಯಾಕಿ ಇದ್ದೀ ನೀ. ಉಣ್ಣು" ಎಂದು ಆಕೆಯ ಬೆನ್ನು ತಟ್ಟಿ ಎದ್ದೆ.

ಒಳಗೆ ಹೋಗಿ ಸಹಿ ಮಾಡಿದೆ. ಷರಾ ಬರೆಯುವ ಜಾಗದಲ್ಲಿ ಪರೀಕ್ಷಕರು ಬರೆದಿದ್ದರು: ಎಲ್ಲ ಮಕ್ಕಳ ಪಾಲ್ಗೊಳ್ಳುವಿಕೆ ಮೆಚ್ಚುವಂಥದ್ದು.

ತಿಳಿಯದೆ ಮಾಡಿದ್ದಕ್ಕೆ ನಾನು ನನ್ನನ್ನು ಅಷ್ಟು ದೂರುವುದಿಲ್ಲ. ತಿಳಿದ ಮೇಲೆ ಆ ಹತ್ತು ಹೆಜ್ಜೆ ನಡೆದು, ಒಳಗೆ ಹೋಗಿ, ಬಾಯಿ ಮುಚ್ಚಿಕೊಂಡು ಸಹಿ ಮಾಡಿದೆನಲ್ಲ, ಅದನ್ನು ಮಾತ್ರ ಎಲ್ಲಿ ಇಡಬೇಕೋ ತಿಳಿಯುತ್ತಿಲ್ಲ.

ಅದಾದ ಮೇಲೆ ನನ್ನ ಬೋಧನಾಭ್ಯಾಸ ಇನ್ನೂ ಒಂದು ವಾರ ಇತ್ತು. ಸರಿಮಾಡಬಹುದು ಎಂದುಕೊಂಡೆ. ಆಕೆಯನ್ನು ಮುಂದಿನ ಸಾಲಿಗೆ ಕರೆದು ಕೂರಿಸಿದೆ. ಸುಲಭದ ಪ್ರಶ್ನೆಗಳನ್ನು ಆಕೆಯ ಕಡೆ ನೋಡುತ್ತಲೇ ಕೇಳಿದೆ. ಆಕೆ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರುತ್ತಿದ್ದಳು. ಎಬ್ಬಿಸಿ ಕೇಳಿದರೆ ನಿಲ್ಲುವಳು, ನೆಲ ನೋಡುವಳು, ಕೂರುವಳು. ಎಲ್ಲರ ಮುಂದೆ ಹೇಳಿದ ಮಾತನ್ನು ಎಲ್ಲರ ಮುಂದೆಯೇ ಹಿಂದಕ್ಕೆ ತೆಗೆದುಕೊಳ್ಳಬೇಕಿತ್ತು. ಅದನ್ನು ಬಿಟ್ಟು ಉಳಿದದ್ದೆಲ್ಲ ಮಾಡಿದೆ. ಕೊನೆಯ ದಿನ ಮಕ್ಕಳಿಗೆ ಚಾಕಲೇಟು ಹಂಚಿದೆ. ಆಕೆ ಬಲಗೈ ಚಾಚಿ ತೆಗೆದುಕೊಂಡಳು. ನಾನು ಅದನ್ನು ನೋಡಿದೆ, ಬಸ್ಸಿಗೆ ಹೊತ್ತಾಯಿತೆಂದು ಹೊರಟುಬಂದೆ.

ಫಸ್ಟ್ ಕ್ಲಾಸ್ ಬಂತು. ಅಪ್ಪ ಬಜಾರಿನಲ್ಲಿ ಪೇಡೆ ಹಂಚಿದ.

ಟಿಇಟಿ ಮೊದಲ ಸಲ ಮೂರು ಅಂಕದಲ್ಲಿ ಹೋಯಿತು. ಎರಡನೇ ಸಲ ಬರೆಯುವಾಗ ಮಕ್ಕಳ ಮನೋವಿಜ್ಞಾನದ ಭಾಗದಲ್ಲಿ ಒಂದು ಪ್ರಶ್ನೆ ಎದುರಾಯಿತು. ನಿಮ್ಮ ತರಗತಿಯಲ್ಲಿ ಎಡಗೈ ಬಳಸುವ ಮಗು ಇದ್ದರೆ ಏನು ಮಾಡುತ್ತೀರಿ ಎನ್ನುವಂಥದ್ದು. ಬಲಗೈ ರೂಢಿ ಮಾಡಿಸುವುದು, ಪಾಲಕರಿಗೆ ಹೇಳಿ ಬಿಡಿಸುವುದು, ಹೀಗೆ ಕೆಳಗೆ ನಾಲ್ಕು ಉತ್ತರಗಳಿದ್ದವು. ಮಗುವಿಗೆ ಎಡಗೈಯಲ್ಲೇ ಬರೆಯಲು ಬಿಡಬೇಕು ಎಂಬ ಸಾಲಿನ ವೃತ್ತವನ್ನು ಕಪ್ಪು ಪೆನ್ನಿನಿಂದ ತುಂಬಿದೆ. ಸರಿಯುತ್ತರ. ಅದಕ್ಕೊಂದು ಅಂಕ ಸಿಕ್ಕಿತು. ಆ ಸಲ ಅರ್ಹಳಾದೆ. ಆ ಒಂದು ಅಂಕ ನನ್ನದಲ್ಲ, ಆ ಹುಡುಗಿಯದು ಎಂದು ಎಷ್ಟೋ ಸಲ ಅನಿಸಿದೆ.

ಈಗ ಜೇವರ್ಗಿ ಸೀಮೆಯಲ್ಲಿ, ಯಡ್ರಾಮಿಯ ಕಡೆಯ ಒಂದು ಹಳ್ಳಿಯಲ್ಲಿ ಅತಿಥಿ ಶಿಕ್ಷಕಿಯಾಗಿದ್ದೇನೆ. ಅತಿಥಿ ಎಂದರೆ ಬೇಸಿಗೆ ರಜೆ ಬಂದ ಕೂಡಲೇ ಎದ್ದು ಹೋಗಬೇಕಾದವರು. ನೇಮಕಾತಿಗೆ ಇನ್ನೂ ಕಾಯುತ್ತಿದ್ದೇನೆ. ಕಳೆದ ಚಳಿಗಾಲದಲ್ಲಿ ನಮ್ಮ ಶಾಲೆಗೆ ಮೇಲಿನವರು ಯಾರೋ ಬರುತ್ತಾರೆಂಬ ಸುದ್ದಿ ಬಂತು. ನನಗಿಂತ ಸಣ್ಣವಳಾದ ಇನ್ನೊಬ್ಬ ಅತಿಥಿ ಶಿಕ್ಷಕಿ ತನ್ನ ತರಗತಿಯಲ್ಲಿ ಮಕ್ಕಳಿಗೆ ಹೇಳಿಕೊಡುತ್ತಿದ್ದದ್ದು ಗೋಡೆಯಾಚೆಯಿಂದ ಕೇಳಿಸಿತು. ಬರ್ತಿತ್ತಂದ್ರ ಬಲಗೈ, ಬರ್ಲಿಲ್ಲಂದ್ರ ಎಡಗೈ. ನಾನು ಸೀಮೆಸುಣ್ಣ ಬಿಸಾಕಿ ಆಕೆಯ ಕೋಣೆಗೆ ನುಗ್ಗಿದೆ.

"ಇದನ್ನ ಈಗಿಂದೀಗ ಬಿಡ್ರಿ!"

ಮಕ್ಕಳು ಬೆಚ್ಚಿಬಿದ್ದರು. ಆಕೆಗೆ ಅವಮಾನವಾಯಿತು. "ಯಾಕ್ರಿ ಅಕ್ಕಾ, ಎಲ್ಲಾರೂ ಮಾಡೋದೇ ಮಾಡಾಕತ್ತೇನಿ. ನೀವು ನಿಮ್ಮ ಪಾಠದಾಗ ಮಾಡಿಲ್ಲೇನ್ರಿ?"

ನನ್ನ ಕೋಣೆಗೆ ಮರಳಿ, ಬಿಸಾಕಿದ ಸೀಮೆಸುಣ್ಣ ಹೆಕ್ಕಿಕೊಂಡೆ. ಆ ವಾರದ ಭಾನುವಾರವೇ ಆ ಹುಡುಗಿಯನ್ನು ಹುಡುಕಿಕೊಂಡು ಅಫಜಲಪುರದ ಬಸ್ಸು ಹತ್ತಿದೆ.

ನಾನು ಅಂತಿಮ ಪಾಠ ಮಾಡಿದ್ದ ಹಳ್ಳಿಯ ಶಾಲೆ ಮುಚ್ಚಿತ್ತು, ಆದರೆ ಅಡುಗೆಯ ಅವ್ವನ ಮನೆ ಪಕ್ಕದಲ್ಲೇ. ನನ್ನ ಗುರುತು ಹಿಡಿದು ನೀರು ಕೊಟ್ಟಳು. "ಆಕಿ ಅಪ್ಪ ಪುಣೆದಾಗೇ ಉಳ್ಕೊಂಡಾನವ್ವ. ಆಕಿ ಅವ್ವ ಗಾಣಗಾಪುರದಾಗ ಲಾಡ್ಜಿನ ಕಸ ಬಳೀತಾಳ. ಹುಡುಗಿ ಅಲ್ಲೇ ಒಂಬತ್ತನೇತ್ತ ಓದ್ತಾಳಂತ. ಆಯ್ತಾರಕ್ಕೊಮ್ಮಿ ಗುಡಿ ಹಾದ್ಯಾಗ ಸ್ವಾದರತ್ತಿ ಅಂಗಡಿಗಿ ಕುಂದರ್ತಾಳ."

ಓದುತ್ತಿದ್ದಾಳೆ ಎಂದು ಕೇಳಿ ನನಗೆ ಎಷ್ಟು ಸಮಾಧಾನವಾಯಿತೆಂದರೆ ಬಸ್ಸಿನಲ್ಲಿ ಒಬ್ಬಳೇ ನಕ್ಕೆ. ಗಾಣಗಾಪುರದಲ್ಲಿ ಭಕ್ತರ ಗದ್ದಲ. ಗುಡಿಗೆ ಹೋಗುವ ಹಾದಿಯುದ್ದಕ್ಕೂ ತೆಂಗಿನಕಾಯಿ, ಹೂವು, ಕರ್ಪೂರದ ಅಂಗಡಿಗಳು. ಆರೇಳು ಅಂಗಡಿ ದಾಟುವಷ್ಟರಲ್ಲಿ ಸಿಕ್ಕಳು. ಎತ್ತರವಾಗಿದ್ದಳು. ಹೂವಿನ ಬುಟ್ಟಿಯ ಹಿಂದೆ ಕೂತು ಮಾಲೆ ಕಟ್ಟುತ್ತಿದ್ದಳು. ಎಡಗೈಯ ಬೆರಳುಗಳು ದಾರವನ್ನು ಎಷ್ಟು ಚುರುಕಾಗಿ ಸುತ್ತಿ ಗಂಟು ಹಾಕುತ್ತಿದ್ದವೆಂದರೆ ನಾನು ಸುಮ್ಮನೆ ನಿಂತು ನೋಡಿದೆ.

ಗಿರಾಕಿಗಳು ಕಡಿಮೆಯಾದಾಗ ಮಾಲೆಯನ್ನು ಪಕ್ಕಕ್ಕಿಟ್ಟು, ಕೈ ಒರೆಸಿಕೊಂಡು, ತೊಡೆಯ ಮೇಲೆ ನೋಟುಬುಕ್ಕು ತೆರೆದಳು. ಪೆನ್ನನ್ನು ಬಲಗೈಗೆ ತೆಗೆದುಕೊಂಡಳು. ಒಂದೊಂದೇ ಅಕ್ಷರ ಒತ್ತಿ ಒತ್ತಿ ಬರೆಯತೊಡಗಿದಳು. ನಾನು ಹತ್ತಿರ ಹೋದೆ.

"ಗುರ್ತು ಸಿಕ್ತೇನವ್ವ?"

ತಲೆ ಎತ್ತಿ ನೋಡಿದಳು. ಒಂದು ಕ್ಷಣ, ಅಷ್ಟೇ. "ರೊಟ್ಟಿ ಟೀಚರ್!" ಎಂದಳು. ನಕ್ಕಳು. ಒಳಗೆ ಕರೆದು ಕೂರಲು ಗೋಣಿಚೀಲ ಹಾಸಿದಳು.

"ನೀ ಎಡಗೈಲೆ ಬರೀತಿದ್ದೆಲ್ಲ?"

"ಬರೀತಿದ್ದೆರಿ. ಬಿಟ್ಟೆ. ಆ ಸರ್ ಬಂದು ಹೋದ್ಮ್ಯಾಗ ನಮ್ಮ ಕ್ಲಾಸಿನವರು ಹೇಳಿದ್ರು, ಎಡಗೈ ಎತ್ತಿದ್ರ ಬರಂಗಿಲ್ಲಂತ ಅರ್ಥ ಅಂತ. ನನಗ್ಯಾರೂ ಮೊದ್ಲ ಹೇಳಿದ್ದಿಲ್ರಿ. ಅದಕ್ಕ ಬಲಗೈ ರೂಢಿ ಮಾಡ್ಕೊಂಡೆ."

"ಬರಿಯೋದಕ್ಕೂ?"

"ಎಲ್ಲಾದಕ್ಕೂ ರಿ. ಹೂವಿಂದಷ್ಟೇ ಆಗವಲ್ದು."

"ಪರೀಕ್ಷೆದಾಗ ಹ್ಯಾಂಗ್ ಮಾಡ್ತಿ?"

"ಟೈಮ್ ಸಾಲಂಗಿಲ್ರಿ. ಕಡೀ ಎರಡು ಮೂರು ಪ್ರಶ್ನೆ ಉಳದೇ ಉಳೀತಾವ. ಬರ್ತಾವ್ರಿ ಅವು, ಬರಿಯೋದ್ರಾಗ ಬೆಲ್ ಹೊಡೀತಾರ."

ದೂರು ಹೇಳುವ ದನಿಯಲ್ಲ. ಬಸ್ಸು ತಡವಾಗುತ್ತದೆ ಎಂದು ಹೇಳುವ ಹಾಗೆ ಹೇಳಿದಳು. ನನಗೆ ಅಳು ತಡೆಯಲಾಗಲಿಲ್ಲ. ಆಕೆಯ ಎಡಗೈಯನ್ನು ಹಿಡಿದುಕೊಂಡೆ. ಹೂವಿನ ಪಸೆಯಿಂದ ತಣ್ಣಗಿತ್ತು.

"ಅವತ್ತು ನಿನ್ನ ಉತ್ತರ ಖರೆ ಇತ್ತು. ತಪ್ಪು ನಂದು. ನಾ ಹೋಗಿ ಆ ಸರ್‌ಗಿ ಹೇಳಬೇಕಾಗಿತ್ತು. ಹೇಳ್ಲಿಲ್ಲ. ಈ ಕೈಲೆ ಬರಿ ನೀ, ಯಾರು ಏನಂದ್ರೂ ಬಿಡಬ್ಯಾಡ."

ಆಕೆ ಗಾಬರಿಯಾಗಿ ಅತ್ತಿತ್ತ ನೋಡಿದಳು. ಟೀಚರ್ ಒಬ್ಬಳು ಹಾದಿಯಲ್ಲಿ ಕೂತು ಅಳುವುದು ಆಕೆಗೆ ಹೊಸದು. ಸಮಾಧಾನ ಮಾಡುವುದು ಹೇಗೆಂದು ತಿಳಿಯಲಿಲ್ಲ. ಆಮೇಲೆ ಏನೋ ನೆನಪಾದವಳಂತೆ ಮುಖ ಅರಳಿಸಿ ಕೇಳಿದಳು.

"ಟೀಚರ್, ಮತ್ತ ನೀವು ಪಾಸಾದ್ರಿಲ್ರಿ?"

"ಆದೆ" ಎಂದೆ.

"ಛಲೋ ಆತ್ರಿ" ಎಂದಳು. ನನ್ನ ಹಿಡಿತದಿಂದ ಮೆಲ್ಲಗೆ ಕೈ ಬಿಡಿಸಿಕೊಂಡು, ಪೆನ್ನನ್ನು ಮತ್ತೆ ಬಲಗೈಗೆ ತೆಗೆದುಕೊಂಡು, ಬಿಟ್ಟ ಸಾಲಿನಿಂದ ಬರೆಯತೊಡಗಿದಳು.